ಕನ್ನಡ ಇ-ಪುಸ್ತಕ: ಕೊಳ್ಳಲು ಬಂದವರು ಬರಿಗೈಲಿ ಮರಳಿದ್ದೇಕೆ?

ಫೋನಿನಲ್ಲಿ ಕನ್ನಡ ಪುಸ್ತಕ ಮಾರಲು ಹೊರಟು ಒಂದು ದಶಕಕ್ಕೂ ಮೇಲಾಯಿತು. ಈ ಅವಧಿಯಲ್ಲಿ ಹಲವು ಆನ್‌ಲೈನ್ ಮಳಿಗೆಗಳು ತೆರೆದವು, ಕೆಲವು ಮುಚ್ಚಿದವು, ಇನ್ನು ಕೆಲವು ಇವತ್ತಿಗೂ ಪಟ್ಟು ಬಿಡದೆ ನಡೆದಿವೆ. ಆದರೆ ನಾಲ್ಕು ಜನ ಪ್ರಕಾಶಕರು ಸೇರಿದ ಕಡೆ ಇ-ಪುಸ್ತಕದ ಮಾತು ಬಂದರೆ ಕೇಳಿಬರುವ ತೀರ್ಪು ಮಾತ್ರ ಅಂದಿನದೇ: ‘ಕನ್ನಡದವರು ಇದಕ್ಕೆಲ್ಲ ದುಡ್ಡು ಬಿಚ್ಚುವುದಿಲ್ಲ ಬಿಡಿ.’

ಈ ತೀರ್ಪನ್ನು ನಾವು ಒಪ್ಪುವುದಿಲ್ಲ. 2025ರ ಫೆಬ್ರುವರಿ ಕೊನೆಯ ವಾರ ವಿಧಾನಸೌಧದ ಆವರಣದಲ್ಲಿ ಪುಸ್ತಕ ಮೇಳ ನಡೆದಾಗ ಬಿಸಿಲನ್ನೂ ಲೆಕ್ಕಿಸದೆ ಬಂದು ಪುಸ್ತಕ ಕೊಂಡವರು ಕನ್ನಡದವರೇ. ತಿಂಗಳು ತಿಂಗಳು ಸಿನಿಮಾ, ಹಾಡಿನ ಆ್ಯಪ್‌ಗಳಿಗೆ ಚಂದಾ ಕಟ್ಟುವವರೂ ಅವರೇ. ಪುಸ್ತಕಕ್ಕೂ ಹಣ ಕೊಡುವ, ಫೋನಿನಲ್ಲೂ ಹಣ ಕೊಡುವ ಜನ ಫೋನಿನಲ್ಲಿ ಪುಸ್ತಕಕ್ಕೆ ಹಣ ಕೊಡುತ್ತಿಲ್ಲವೆಂದರೆ ಕೊರತೆ ಓದುಗನ ಮನಸ್ಸಿನಲ್ಲಿಲ್ಲ. ಅವನು ಬಂದು ನಿಂತ ಅಂಗಡಿಯಲ್ಲಿದೆ. ಕಳೆದ ಇಷ್ಟು ವರ್ಷಗಳನ್ನು ಹಿಂತಿರುಗಿ ನೋಡಿದಾಗ ನಮಗೆ ಮತ್ತೆ ಮತ್ತೆ ಕಂಡದ್ದು ಇದೊಂದೇ.

ಮೊದಲಿಗೆ ನಡೆದುಬಂದ ದಾರಿ. 2013–14ರ ಹೊತ್ತಿಗೆ ಬೆಂಗಳೂರಿನ ನ್ಯೂಸ್‌ಹಂಟ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಫೋನಿಗೆ ತಂದಿತು. ಆಗ ಯುಪಿಐ ಹುಟ್ಟಿರಲಿಲ್ಲ, ಕ್ರೆಡಿಟ್ ಕಾರ್ಡ್ ಇದ್ದವರು ಕಡಿಮೆ. ಹಾಗಾಗಿ ಮೊಬೈಲ್ ಕರೆನ್ಸಿಯಿಂದಲೇ ಪುಸ್ತಕದ ಹಣ ಮುರಿದುಕೊಳ್ಳುವ ಏರ್ಪಾಡನ್ನು ಅದು ಮಾಡಿತ್ತು. ಬೆಲೆಯೂ ಕೈಗೆಟಕುವಂಥದ್ದು. ಓದುಗನ ಜೇಬು ಎಲ್ಲಿದೆ ಎಂದು ಹುಡುಕಿಕೊಂಡು ಹೋದ ಪ್ರಯತ್ನ ಅದು, ಅದರ ಬಗ್ಗೆ ನಮಗೆ ಇಂದಿಗೂ ಗೌರವವಿದೆ. 2015ರಲ್ಲಿ ಹೆಸರು ಡೈಲಿಹಂಟ್ ಎಂದಾಯಿತು. ಮುಂದೆ ಕಂಪನಿಯ ಗಮನ ಸುದ್ದಿ ಮತ್ತು ವಿಡಿಯೊ ಕಡೆ ಹೊರಳಿ ಪುಸ್ತಕದ ವ್ಯಾಪಾರ ಹಿಂದೆ ಉಳಿಯಿತು.

2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಐದು ಭಾರತೀಯ ಭಾಷೆಗಳಿಗೆ ಜಾಗ ಕೊಟ್ಟಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಇದನ್ನು ಅವಮಾನವೆಂದು ಬಗೆದು ಕೂಗಾಡಿದವರು ಹಲವರು. ಅದು ವ್ಯಾಪಾರಕ್ಕೆ ಮಾಡಿದ ಪೆಟ್ಟನ್ನು ಲೆಕ್ಕ ಹಾಕಿದವರು ಕಡಿಮೆ. ಪಕ್ಕದ ತಮಿಳಿನ ಲೇಖಕ ತನ್ನ ಕಾದಂಬರಿಯನ್ನು ತಾನೇ ಅಲ್ಲಿಗೆ ಏರಿಸಿ, ಬೆಲೆ ಗೊತ್ತುಮಾಡಿ, ಗೌರವಧನ ನೇರ ಬ್ಯಾಂಕ್ ಖಾತೆಗೆ ಬರುವಂತೆ ಮಾಡಿಕೊಳ್ಳುವ ಕಾಲದಲ್ಲಿ ಕನ್ನಡದ ಲೇಖಕನಿಗೆ ಆ ಬಾಗಿಲೇ ಇರಲಿಲ್ಲ. ಸಿದ್ಧ ಅಂಗಡಿ ಸಿಗದಿದ್ದರಿಂದ ಕನ್ನಡದವರು ತಮ್ಮ ಅಂಗಡಿಯನ್ನು ತಾವೇ ಕಟ್ಟಬೇಕಾಯಿತು. ವಿವಿಡ್‌ಲಿಪಿ ಆ ಕೆಲಸಕ್ಕೆ ಇಳಿಯಿತು. 2020ರಲ್ಲಿ ಮೈಲ್ಯಾಂಗ್ ಬಂದು ಇ-ಪುಸ್ತಕದ ಜೊತೆಗೆ ಕೇಳುಪುಸ್ತಕವನ್ನೂ ಮಾರಿತು. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳು ಕಾಣತೊಡಗಿದವು. ಬೆಂಗಳೂರಿನಲ್ಲೇ ಹುಟ್ಟಿದ ಪ್ರತಿಲಿಪಿ ಹೊಸ ಬರಹಗಾರರ ಧಾರಾವಾಹಿಗಳಿಗೆ ಓದುಗರನ್ನು ಕೂಡಿಸಿತು.

ಅಂದರೆ ಪ್ರಯತ್ನಕ್ಕೆ ಬರವಿಲ್ಲ, ಸರಕಿಗೂ ಈಗ ಬರವಿಲ್ಲ. ಹಾಗಿದ್ದರೆ ಕೊಳ್ಳಲು ಬಂದವನು ಎಲ್ಲಿ ಕೈಬಿಟ್ಟು ಹೋಗುತ್ತಾನೆ? ಇದಕ್ಕೆ ಉತ್ತರ ಬೇಕಿದ್ದರೆ ಒಂದು ಪುಸ್ತಕದ ಹಿಂದೆ ಹೆಜ್ಜೆ ಹೆಜ್ಜೆಯಾಗಿ ನಡೆಯಬೇಕು.

ಹುಡುಕಾಟದಿಂದ ಶುರು ಮಾಡೋಣ. ಓದುಗ ‘ಕಾರಂತ’ ಎಂದು ಬರೆದು ಹುಡುಕುತ್ತಾನೆ. ‘ಯಾವ ಪುಸ್ತಕವೂ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಪುಸ್ತಕ ಅಲ್ಲೇ ಇದೆ. ಆದರೆ ಅದನ್ನು ಮಳಿಗೆಗೆ ಸೇರಿಸಿದವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿ ‘ಕಾರ೦ತ’ ಎಂದು ದಾಖಲಿಸಿದ್ದಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಇದೊಂದು ಉದಾಹರಣೆ ಮಾತ್ರ. ‘ಕೋ’ ಎಂಬ ಅಕ್ಷರವನ್ನೇ ಯುನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕೂಡಿಸಿ ಬರೆಯಬಹುದು. ಅವೆಲ್ಲ ಸಮಾನವೆಂದು ಯುನಿಕೋಡ್ ನಿಯಮವೇ ಹೇಳುತ್ತದೆ, ಆದರೆ ಆ ನಿಯಮವನ್ನು ಅಳವಡಿಸದ ಹುಡುಕಾಟಕ್ಕೆ ಅದು ತಿಳಿಯದು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, ಅದಿಲ್ಲದೆ ಹುಡುಕಿದರೆ ಹೆಸರು ತಾಳೆಯಾಗುವುದಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಬೇಕೆನ್ನುವವನು ‘ಕರ್ವಾಲೋ’ ಎಂದು ದೀರ್ಘ ಎಳೆಯುತ್ತಾನೆ. ಭೈರಪ್ಪನವರನ್ನು ಹುಡುಕುವವನು ಮಹಾಪ್ರಾಣ ಬಿಡುತ್ತಾನೆ. ಬಹಳಷ್ಟು ಜನ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ, ತಮತಮಗೆ ತೋಚಿದ ಕಾಗುಣಿತದಲ್ಲಿ ಒತ್ತುತ್ತಾರೆ.

ಅಂಗಡಿಯ ಗಲ್ಲೆಯಲ್ಲಿ ಕೂತ ಮನುಷ್ಯನಿಗೆ ಇದಾವುದೂ ತೊಡಕಲ್ಲ. ‘ಅದೇ, ಆ ಹಾರುವ ಓತಿಯ ಪುಸ್ತಕ’ ಎಂದರೂ ಅವನು ಎದ್ದುಹೋಗಿ ತಂದುಕೊಡುತ್ತಾನೆ. ಯಂತ್ರಕ್ಕೆ ಆ ಬುದ್ಧಿಯನ್ನು ನಾವೇ ಕಲಿಸಬೇಕು. ಸೊನ್ನೆಯನ್ನು ಅನುಸ್ವಾರವಾಗಿ ತಿದ್ದಿಕೊಳ್ಳುವುದು, ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದು, ಹ್ರಸ್ವ-ದೀರ್ಘ ಮತ್ತು ಅಲ್ಪಪ್ರಾಣ-ಮಹಾಪ್ರಾಣಗಳ ಬಗ್ಗೆ ಸಡಿಲವಾಗಿರುವುದು, ಪ್ರತಿ ಲೇಖಕನ ಹೆಸರಿಗೂ ರೋಮನ್ ಲಿಪಿಯ ನಾಲ್ಕಾರು ರೂಪಗಳನ್ನು ಜೋಡಿಸಿಡುವುದು ತಿಳಿದವರಿಗೆ ದೊಡ್ಡ ಕೆಲಸವಲ್ಲ. ಇದಕ್ಕಿಂತ ಸುಲಭವಾದ ಇನ್ನೊಂದಿದೆ. ಯಾವ ಹುಡುಕಾಟಗಳಿಗೆ ಬರಿ ಪುಟ ಬಂತೋ ಆ ಪದಗಳ ಪಟ್ಟಿಯನ್ನು ಪ್ರತಿ ಸೋಮವಾರ ತೆಗೆದು ಓದುವುದು. ಓದುಗ ಏನು ಕೇಳಿದ, ನಾವು ಏನು ಇಲ್ಲವೆಂದೆವು ಎಂಬುದು ಅದರಲ್ಲಿ ಅವನ ಮಾತಿನಲ್ಲೇ ಇರುತ್ತದೆ. ಯಾವ ಪುಸ್ತಕವನ್ನು ಮುಂದೆ ಡಿಜಿಟಲ್‌ಗೆ ತರಬೇಕು ಎಂಬುದಕ್ಕೂ ಅದಕ್ಕಿಂತ ನಂಬಿಕೆಯ ದಾಖಲೆ ಬೇರೆ ಇರಲಾರದು.

ಪುಸ್ತಕ ಸಿಕ್ಕಿತು ಎಂದುಕೊಳ್ಳೋಣ. ಈಗ ಓದುಗ ಅದರ ಪುಟದಲ್ಲಿದ್ದಾನೆ. ಹೆಬ್ಬೆರಳಿನ ಉಗುರಿನಷ್ಟು ಮುಖಪುಟ. ಅಚ್ಚಿನ ಪುಸ್ತಕಕ್ಕೆ ಕಲಾವಿದರು ಬರೆದ ಸೊಗಸಾದ ಕೈಬರಹದ ಶೀರ್ಷಿಕೆ ಈ ಅಳತೆಯಲ್ಲಿ ಗೀಚಿನಂತೆ ಕಾಣುತ್ತದೆ. ಅದರ ಕೆಳಗೆ ಬೆನ್ನುಡಿಯಿಂದ ಎತ್ತಿಟ್ಟ ಎರಡು ಸಾಲು: ಇದು ಕನ್ನಡ ಸಾಹಿತ್ಯಕ್ಕೆ ಮಹತ್ವದ ಕೊಡುಗೆ, ಲೇಖಕರ ಜೀವನಾನುಭವದ ಪಕ್ವ ಫಲ. ಯಾವ ಪುಸ್ತಕಕ್ಕೆ ಅಂಟಿಸಿದರೂ ಹೊಂದುವ ಮಾತು ಯಾವ ಪುಸ್ತಕವನ್ನೂ ಮಾರುವುದಿಲ್ಲ. ಕತೆ ಎಲ್ಲಿ ನಡೆಯುತ್ತದೆ, ಯಾರ ಕತೆ, ಯಾವ ಕಾಲದ್ದು, ಓದಲು ಎಷ್ಟು ಹೊತ್ತು ಹಿಡಿದೀತು, ಮುಂಚೆ ಯಾವ ಪುಸ್ತಕ ಮೆಚ್ಚಿದವರಿಗೆ ಇದು ಹಿಡಿಸೀತು — ಓದುಗನಿಗೆ ಬೇಕಾದದ್ದು ಇಷ್ಟು. ಪುಸ್ತಕವನ್ನು ಪೂರ್ತಿ ಓದಿದ ಒಬ್ಬರು ಕೂತು ಹತ್ತು ಸಾಲು ಬರೆದರೆ ಮುಗಿಯುವ ಕೆಲಸ. ಸಾವಿರ ಪುಸ್ತಕ ಇಟ್ಟುಕೊಂಡ ಅಂಗಡಿಗೆ ಇದು ಭಾರ ಎನಿಸಬಹುದು. ಹಾಗಾದರೆ ನೂರು ಪುಸ್ತಕಕ್ಕೆ ಮಾಡಲಿ. ಉಳಿದ ಒಂಬೈನೂರು ಹೇಗೂ ಈಗ ಮಾರುತ್ತಿಲ್ಲ.

ಇನ್ನು ‘ಮಾದರಿ ಓದು’. ಇದರ ಬಗ್ಗೆ ಹೆಚ್ಚು ಹೇಳಬೇಕಿದೆ, ಏಕೆಂದರೆ ಇಷ್ಟು ವರ್ಷ ಇದನ್ನು ಯಾರೂ ದೊಡ್ಡ ವಿಷಯವೆಂದು ಎಣಿಸಿದಂತೆ ತೋರುವುದಿಲ್ಲ. ಬಹಳಷ್ಟು ಮಳಿಗೆಗಳಲ್ಲಿ ಪುಸ್ತಕದ ಮೊದಲ ಹತ್ತನೇ ಒಂದು ಭಾಗ ತಾನಾಗಿ ಕತ್ತರಿಸಿಕೊಂಡು ಉಚಿತ ಮಾದರಿಯಾಗುತ್ತದೆ. ಇಂಗ್ಲಿಷ್ ಕಾದಂಬರಿಗೆ ಈ ಲೆಕ್ಕ ಸರಿಯಿರಬಹುದು, ಅಲ್ಲಿ ನಾಲ್ಕು ಪುಟ ದಾಟಿದರೆ ಕತೆ ಶುರು. ಕನ್ನಡ ಪುಸ್ತಕದ ಕಟ್ಟು ಬೇರೆ. ಮೊದಲು ಅರ್ಪಣೆ, ಆಮೇಲೆ ಪ್ರಕಾಶಕರ ಮಾತು, ಹಿರಿಯರೊಬ್ಬರ ಮುನ್ನುಡಿ, ಲೇಖಕರ ಮಾತು, ಅದರಲ್ಲಿ ಕರಡು ತಿದ್ದಿದವರಿಂದ ಹಿಡಿದು ಮನೆಯವರ ತನಕ ಕೃತಜ್ಞತೆ, ಎರಡನೇ ಮುದ್ರಣವಾದರೆ ಅದಕ್ಕೊಂದು ಮಾತು. ಇವು ಅಚ್ಚಿನ ಪುಸ್ತಕದಲ್ಲಿ ಚಂದವೇ. ಮುನ್ನುಡಿ ಬರೆಯಿಸುವ ನಮ್ಮ ಪದ್ಧತಿಯ ಬಗ್ಗೆ ಪ್ರೀತಿಯೂ ಇದೆ, ಕನ್ನಡ ವಿಮರ್ಶೆಯ ಎಷ್ಟೋ ಒಳ್ಳೆಯ ಬರಹಗಳು ಮುನ್ನುಡಿಗಳಾಗಿಯೇ ಹುಟ್ಟಿವೆ. ಆದರೆ 180 ಪುಟದ ಕಾದಂಬರಿಯಲ್ಲಿ ಮೊದಲ 18 ಪುಟ ಹೀಗೆ ಕಳೆದುಹೋದರೆ, ಮಾದರಿ ಓದಿದವನಿಗೆ ಕತೆಯ ಒಂದು ಸಾಲೂ ದಕ್ಕುವುದಿಲ್ಲ. ಮುನ್ನುಡಿಕಾರರು ಕತೆಯ ಕೊನೆಯನ್ನು ಅಲ್ಲೇ ಹೇಳಿಬಿಟ್ಟಿದ್ದರಂತೂ ಕೊಳ್ಳುವ ಕಾರಣವೇ ಉಳಿಯದು. ಅಂಗಡಿಯಲ್ಲಾದರೆ ಓದುಗ ನಡುವಿನ ಪುಟ ತೆರೆದು ಒಂದು ಪ್ಯಾರಾ ಓದುತ್ತಾನೆ, ಭಾಷೆ ಹಿಡಿಸಿದರೆ ಕಂಕುಳಿಗೆ ಸೇರಿಸುತ್ತಾನೆ. ಫೋನಿನಲ್ಲಿ ಆ ಪ್ಯಾರಾವನ್ನು ನಾವು ಅವನಿಗೆ ತೋರಿಸುತ್ತಲೇ ಇಲ್ಲ.

ಮಾದರಿಯನ್ನು ಯಂತ್ರ ಕತ್ತರಿಸಬಾರದು, ಸಂಪಾದಕ ಆರಿಸಬೇಕು. ಮೊದಲ ಅಧ್ಯಾಯ ಪೂರ್ತಿ, ಇಲ್ಲವೇ ಸಂಕಲನದ ಅತ್ಯುತ್ತಮ ಕತೆ ಪೂರ್ತಿ. ಪ್ರಬಂಧ ಸಂಕಲನವಾದರೆ ನಡುವಿನದೊಂದು. ಕೇಳುಪುಸ್ತಕವಾದರೆ ಐದು ನಿಮಿಷದ ಧ್ವನಿ, ಅದೂ ಪುಸ್ತಕದ ಹೆಸರು, ಲೇಖಕರ ಹೆಸರು, ಹಕ್ಕುಸ್ವಾಮ್ಯದ ಘೋಷಣೆಗಳನ್ನೆಲ್ಲ ಬಿಟ್ಟು, ಕತೆ ಉಸಿರಾಡುವ ಕಡೆಯಿಂದ. ಕೇಳುಗ ಅಲ್ಲಿ ತೂಗುವುದು ಓದುವವರ ದನಿಯನ್ನು. ಧಾರವಾಡದ ಮಾತಿನ ಕತೆಯನ್ನು ಆ ಸೀಮೆಯ ನಾಲಿಗೆ ಓದಿದೆಯೋ ಇಲ್ಲವೋ ಎಂಬುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಮಾದರಿ ತೆರೆದವನಿಗೆ ಎದುರಾಗುವ ಮತ್ತೊಂದು ತೊಡಕು ಅಕ್ಷರದ್ದು. ನಮ್ಮಲ್ಲಿ ಹಲವು ದಶಕಗಳ ಡಿಟಿಪಿ ಕೆಲಸವೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ನಡೆದದ್ದು. ಆ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸಿದರೇ ಇ-ಪುಸ್ತಕ. ತಿರುಗಿಸುವ ತಂತ್ರಾಂಶಗಳಿವೆ, ಆದರೆ ತಪ್ಪಿಲ್ಲದೆ ತಿರುಗಿಸುವಂಥದ್ದಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಯುನಿಕೋಡ್‌ನಲ್ಲಿ ಅದು ಅಕ್ಷರದ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ಒತ್ತಕ್ಷರಗಳು ಜಾಗ ತಪ್ಪುತ್ತವೆ, ಸಾಲಿನ ಕೊನೆಯಲ್ಲಿ ಪದ ಒಡೆಯಲು ಹಾಕಿದ್ದ ಅಡ್ಡಗೆರೆ ಸಾಲಿನ ನಡುವೆ ಬಂದು ಕೂರುತ್ತದೆ. ಅಚ್ಚಿಗೆ ಹೋಗುವ ಪುಸ್ತಕದ ಕರಡನ್ನು ಮೂರು ಸಲ ತಿದ್ದಿಸುವ ಪ್ರಕಾಶಕರು ಇ-ಪುಸ್ತಕವನ್ನು ಒಂದು ಸಲವೂ ಓದದೆ ಬಿಡುಗಡೆ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಹಣ ಕೊಟ್ಟವನಿಗೆ ಪ್ರತಿ ಪುಟದಲ್ಲಿ ಕಲ್ಲು ಸಿಕ್ಕರೆ ಎರಡನೇ ಪುಸ್ತಕ ಯಾಕೆ ಕೊಂಡಾನು? ಕರಡು ತಿದ್ದುವವರಿಗೆ ಕೊಡುವ ಸಂಬಳ ಮಾರಾಟಕ್ಕೆ ಹಾಕುವ ಬಂಡವಾಳ ಎಂದೇ ಎಣಿಸಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಬಿಟ್ಟಿ ಓಡಾಡುವ ಈ ಕಾಲದಲ್ಲಿ ಹಣ ಕೊಟ್ಟು ಕೊಂಡ ಪ್ರತಿ ಅದಕ್ಕಿಂತ ಎದ್ದುಕಾಣುವಷ್ಟು ಉತ್ತಮವಾಗಿರಬೇಕು. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಹೊಂದಿಕೊಳ್ಳಬೇಕು, ಹುಡುಕಿದರೆ ಪದ ಸಿಗಬೇಕು, ಪರಿವಿಡಿ ಒತ್ತಿದರೆ ಅಧ್ಯಾಯ ತೆರೆಯಬೇಕು.

ಈಗ ಹಣ ಕೊಡುವ ಹೊತ್ತು. ಜಗತ್ತಿನ ಆನ್‌ಲೈನ್ ಮಳಿಗೆಗಳನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡುತ್ತಿರುವ ಡೆನ್ಮಾರ್ಕ್‌ನ ಬೇಮಾರ್ಡ್ ಸಂಸ್ಥೆಯ ಸರಾಸರಿಯಂತೆ, ಸರಕು ತುಂಬಿಸಿದ ಕೊಳ್ಳುವ ಬುಟ್ಟಿಗಳಲ್ಲಿ ಸುಮಾರು 70% ಹಣ ಕಟ್ಟುವ ಮುಂಚೆಯೇ ಬಿಟ್ಟುಹೋಗುತ್ತವೆ. ಬಲವಂತವಾಗಿ ಖಾತೆ ತೆರೆಸುವುದು, ಕೊನೆಯಲ್ಲಿ ದಿಢೀರನೆ ಏರುವ ಮೊತ್ತ ಅದಕ್ಕೆ ಮುಖ್ಯ ಕಾರಣಗಳ ಸಾಲಿನಲ್ಲಿವೆ. ನಮ್ಮಲ್ಲಿ ಇದಕ್ಕೊಂದು ವಿಶೇಷ ತಿರುವಿದೆ. ಆ್ಯಪ್ ಒಳಗೇ ಕೊಂಡರೆ ಗೂಗಲ್, ಆ್ಯಪಲ್ ಕಂಪನಿಗಳು ಸಾಮಾನ್ಯವಾಗಿ 15ರಿಂದ 30% ಪಾಲು ಇಟ್ಟುಕೊಳ್ಳುತ್ತ ಬಂದಿವೆ. ಪುಸ್ತಕದ ಲಾಭವೇ ಅಷ್ಟಿಲ್ಲದಿರುವಾಗ ಸಣ್ಣ ಮಳಿಗೆ ಅದನ್ನು ತಾಳಲಾರದೆ ‘ವೆಬ್‌ಸೈಟಿಗೆ ಹೋಗಿ ಕೊಳ್ಳಿ, ಆ್ಯಪ್‌ಗೆ ಮರಳಿ ಓದಿ’ ಎನ್ನುತ್ತದೆ. ಓದುಗ ಅಲ್ಲಿಗೆ ಹೋಗುತ್ತಾನೆ, ಮತ್ತೆ ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ಮರೆತಿದೆ, ಒಟಿಪಿ ಬರುವಷ್ಟರಲ್ಲಿ ಬಸ್ಸಿನ ನಿಲ್ದಾಣ ಬಂದಿದೆ. ಆ್ಯಪ್‌ಗಳು ಗೂಗಲ್‌ನ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂದು ಹೇರಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ದೊಡ್ಡವರ ಆ ಜಗಳ ತೀರುವ ತನಕ ಕಾಯುವಂತಿಲ್ಲ. ಯುಪಿಐ ಬಂದದ್ದು 2016ರಲ್ಲಿ, ಇಂದು ಸೊಪ್ಪಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಮೊಬೈಲ್ ಸಂಖ್ಯೆಯೊಂದನ್ನೇ ಗುರುತಾಗಿಟ್ಟುಕೊಂಡು, ಯುಪಿಐಯಲ್ಲಿ ಹಣ ಬಂದ ಕೂಡಲೇ ಪುಸ್ತಕದ ಕೊಂಡಿಯನ್ನು ವಾಟ್ಸ್‌ಆ್ಯಪ್‌ಗೆ ಕಳಿಸುವ ಮಳಿಗೆಗೆ ಪಾಸ್‌ವರ್ಡಿನ ಅಗತ್ಯವೇ ಇಲ್ಲ.

ಬೆಲೆ ಇಳಿಸಿದರೆ ಎಲ್ಲ ಸರಿಹೋದೀತು ಎನ್ನುವವರಿಗೆ ಒಂದು ಸಣ್ಣ ಲೆಕ್ಕ. 120 ರೂಪಾಯಿಯ ಇ-ಪುಸ್ತಕಕ್ಕೆ ಜಿಎಸ್‌ಟಿ 5% ಸೇರಿ ಓದುಗ ಕೊಡುವುದು 126. ಆ್ಯಪ್ ಕಂಪನಿ 15% ಹಿಡಿದರೆ 18 ಹೋಗಿ 102 ಉಳಿಯಿತು. ಮಳಿಗೆ ಮತ್ತು ಪ್ರಕಾಶಕ ಸಮಪಾಲು ಮಾಡಿಕೊಂಡರೆ ಪ್ರಕಾಶಕನಿಗೆ 51. ಅದರಲ್ಲಿ ಕಾಲು ಭಾಗ ಕೊಟ್ಟರೂ ಲೇಖಕನಿಗೆ ಸುಮಾರು 13 ರೂಪಾಯಿ. ಅದೇ ಪುಸ್ತಕವನ್ನು 30 ರೂಪಾಯಿಗೆ ಇಳಿಸಿ, ಇದೇ ಲೆಕ್ಕ ಹಾಕಿ, ಲೇಖಕನ ಕೈಗೆ ಬರುವುದು ಮೂರು ರೂಪಾಯಿ ಚಿಲ್ಲರೆ. ಹುಡುಕಿದರೆ ಸಿಗದ, ಮಾದರಿಯಲ್ಲಿ ಕತೆ ಕಾಣದ, ಅಕ್ಷರ ಒಡೆದ ಪುಸ್ತಕ 30 ರೂಪಾಯಿಗೂ ಮಾರುವುದಿಲ್ಲ, ಮಾರಿದ ನಾಲ್ಕರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅಚ್ಚಿನ ಪುಸ್ತಕದ ಅರ್ಧ ಬೆಲೆ ಎಂಬ ಈಗಿನ ರೂಢಿ ನ್ಯಾಯವಾದದ್ದೇ. ನವೆಂಬರ್ ಬಂತೆಂದರೆ ತಿಂಗಳಿಡೀ ಎಲ್ಲದಕ್ಕೂ ರಿಯಾಯಿತಿ ಸಾರುವುದಕ್ಕಿಂತ ಒಬ್ಬ ಲೇಖಕರ ಮೂರು ಪುಸ್ತಕ ಒಟ್ಟಿಗೆ ಕೊಳ್ಳುವವರಿಗೆ ಬೆಲೆ ತಗ್ಗಿಸುವುದು ಮೇಲು. ಅದು ಓದುವ ಅಭ್ಯಾಸವನ್ನೂ ಬೆಳೆಸುತ್ತದೆ.

ತೆರಿಗೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು 18% ಇತ್ತು, 2018ರ ಜುಲೈನಲ್ಲಿ ಅಚ್ಚಿನ ಪ್ರತಿಯುಳ್ಳ ಇ-ಪುಸ್ತಕಕ್ಕೆ 5%ಗೆ ಇಳಿಯಿತು. ಅದೇ ಕಾದಂಬರಿ, ಅದೇ ಅಕ್ಷರ, ಕಾಗದದ ಮೇಲಿದ್ದರೆ ಜ್ಞಾನ, ಪರದೆಯ ಮೇಲಿದ್ದರೆ ಸೇವೆ. ಈ ಭೇದ ತೊಲಗಬೇಕೆಂದು ಪ್ರಕಾಶಕರು ಒಟ್ಟಾಗಿ ಕೇಳಬೇಕು.

ಕೊಂಡವನು ನಾಳೆಯೂ ಓದಬಲ್ಲೆನೆಂಬ ಭರವಸೆ ಇದೆಲ್ಲಕ್ಕಿಂತ ದೊಡ್ಡದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಮಳಿಗೆ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಜುಲೈನಲ್ಲಿ ತೆರೆಯದಾದವು. ಕಂಪನಿ ಹಣ ಮರಳಿಸಿತು, ಪುಸ್ತಕ ಮರಳಲಿಲ್ಲ. ಅಷ್ಟು ದೊಡ್ಡ ಕಂಪನಿಯ ಕತೆಯೇ ಹೀಗಾದರೆ ಕನ್ನಡದ ಸಣ್ಣ ಮಳಿಗೆಯ ಮೇಲೆ ಓದುಗ ಯಾವ ಧೈರ್ಯದಲ್ಲಿ ದುಡ್ಡು ಹಾಕಬೇಕು? ಈ ಅಂಜಿಕೆಗೆ ಮದ್ದಿದೆ. ಹ್ಯಾರಿ ಪಾಟರ್ ಇ-ಪುಸ್ತಕಗಳನ್ನು 2012ರಲ್ಲಿ ಬಿಡುಗಡೆ ಮಾಡಿದಾಗ ಪಾಟರ್‌ಮೋರ್ ತಾಣ ಕಡತವನ್ನು ನಕಲು ಮಾಡಲು ಬಿಡದ ಬಿಗಿ ಡಿಜಿಟಲ್ ಬೀಗ ಹಾಕುವ ಬದಲು ಕೊಂಡವನ ಗುರುತನ್ನು ಕಡತದಲ್ಲಿ ಮೂಡಿಸಿ ಕೊಟ್ಟಿತು. ಅದೇ ವರ್ಷ ಅಮೆರಿಕದ ಟಾರ್ ಪ್ರಕಾಶನ ತನ್ನ ಪುಸ್ತಕಗಳ ಬೀಗವನ್ನೇ ತೆಗೆದುಹಾಕಿತು. ಅವರ ವ್ಯಾಪಾರ ಮುಳುಗಲಿಲ್ಲ. ಕನ್ನಡದ ಮಳಿಗೆಗಳೂ ಕೊಂಡವನ ಹೆಸರು ಮೂಡಿಸಿದ ಇಪಬ್ ಕಡತವನ್ನು ಅವನ ಕೈಗೇ ಕೊಡಲಿ. ನಾಳೆ ಮಳಿಗೆ ಇರಲಿ, ಇಲ್ಲದಿರಲಿ, ಪುಸ್ತಕ ಅವನದು. ಬೀಗ ಹಾಕಿದ ಪುಸ್ತಕದ ಪಿಡಿಎಫ್ ಹೇಗೂ ಹೊರಗೆ ಓಡಾಡುತ್ತಿದೆ, ಬೀಗದಿಂದ ಕಷ್ಟಪಡುತ್ತಿರುವವನು ಹಣ ಕೊಟ್ಟ ಪ್ರಾಮಾಣಿಕನೊಬ್ಬನೇ.

ಈ ಬೀಗ ಇನ್ನೊಂದು ವರ್ಗದ ಓದುಗರನ್ನು ಪೂರಾ ಹೊರಗಿಟ್ಟಿದೆ. ಕಣ್ಣು ಕಾಣದವರು ಫೋನಿನ ಧ್ವನಿಯೋದುಗದಿಂದ ಕನ್ನಡವನ್ನು ಸಲೀಸಾಗಿ ಕೇಳುತ್ತಾರೆ, ಪತ್ರಿಕೆ ಓದುತ್ತಾರೆ, ಬ್ಯಾಂಕಿನ ವ್ಯವಹಾರ ಮಾಡುತ್ತಾರೆ. ಆದರೆ ಪುಟವನ್ನು ಚಿತ್ರದಂತೆ ತೋರಿಸುವ, ಇಲ್ಲವೇ ಧ್ವನಿಯೋದುಗಕ್ಕೆ ಅಕ್ಷರ ಕೊಡದ ಆ್ಯಪ್‌ನಲ್ಲಿ ಹಣ ಕೊಟ್ಟು ಕೊಂಡ ಕಾದಂಬರಿ ಅವರ ಪಾಲಿಗೆ ಮೂಕ. ಅಂಧರಿಗೆ ಪುಸ್ತಕ ತಲುಪಿಸುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಅಚ್ಚಿನ ಕಾಲವಿಡೀ ಕನ್ನಡ ಸಾಹಿತ್ಯದ ಬಹುಪಾಲು ಇವರಿಗೆ ನಿಲುಕಲಿಲ್ಲ. ಈಗ ನಿಲುಕುವ ಕಾಲ ಬಂದಾಗಲೂ ನಾವೇ ಅಡ್ಡ ನಿಲ್ಲುವುದು ಸಹಿಸುವಂಥದ್ದಲ್ಲ.

ಹೊರದೇಶದ ಕನ್ನಡಿಗರೂ ಇ-ಪುಸ್ತಕಕ್ಕೆ ಸಹಜ ಗಿರಾಕಿಗಳು. 250 ರೂಪಾಯಿಯ ಪುಸ್ತಕಕ್ಕೆ ಅಂಚೆವೆಚ್ಚ ಪುಸ್ತಕದ ಬೆಲೆಯನ್ನೇ ಮೀರುತ್ತದೆ. 2025ರ ಆಗಸ್ಟಿನಲ್ಲಿ ಅಮೆರಿಕದ ಸುಂಕದ ಗೊಂದಲದಿಂದ ಭಾರತೀಯ ಅಂಚೆ ಅಲ್ಲಿಗೆ ಪಾರ್ಸೆಲ್ ಒಯ್ಯುವುದನ್ನೇ ಅಕ್ಟೋಬರಿನ ತನಕ ನಿಲ್ಲಿಸಿತ್ತು. ಅಂಥ ಹೊತ್ತಿನಲ್ಲಿ ಟೆಕ್ಸಾಸ್‌ನ ಓದುಗರಿಗೆ ಹೊಸ ಕಾದಂಬರಿ ಅದೇ ಸಂಜೆ ಸಿಗುವ ದಾರಿ ಇದೊಂದೇ. ಅವರ ಕಾರ್ಡನ್ನು ನಮ್ಮ ಮಳಿಗೆ ಒಪ್ಪಬೇಕು, ಭಾರತದ ಮೊಬೈಲ್ ಸಂಖ್ಯೆ ಇಲ್ಲದಿದ್ದರೆ ಮುಂದೆ ಹೋಗಲು ಬಿಡದ ಒಟಿಪಿ ಪದ್ಧತಿ ತೊಲಗಬೇಕು. ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿರುವವರು ಅಮೆರಿಕ, ಬ್ರಿಟನ್, ಸಿಂಗಪುರ, ಎಮಿರೇಟ್ಸ್ ಮೊದಲಾದ ಕೆಲವು ದೇಶಗಳ ಮೊಬೈಲ್ ಸಂಖ್ಯೆಯಲ್ಲೇ ಯುಪಿಐ ಬಳಸಲು 2023ರಲ್ಲಿ ಅನುವಾಗಿದೆ. ಈ ಮಾತನ್ನು ಹಣ ಕಟ್ಟುವ ಪುಟದಲ್ಲೇ ಕನ್ನಡದಲ್ಲಿ ಬರೆದು ತಿಳಿಸಿದರೆ ಎಷ್ಟೋ ಜನ ದಾಟಿಯಾರು.

ದೂರದಂತೆ ಸಮಯವೂ ಇ-ಪುಸ್ತಕದ ಪರವಾಗಿದೆ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಘೋಷಣೆಯಾದಾಗ ಭಾರತದಲ್ಲಿ ನಡುರಾತ್ರಿ ದಾಟಿತ್ತು. ಇಂಥ ಸುದ್ದಿ ಬಂದ ಗಳಿಗೆಯಲ್ಲಿ ಮೂಲ ಕನ್ನಡದಲ್ಲೇ ಓದಬೇಕೆಂಬ ಆಸೆ ಸಾವಿರಾರು ಮನಸ್ಸಿನಲ್ಲಿ ಹುಟ್ಟುತ್ತದೆ. ಅಚ್ಚಿನ ಪುಸ್ತಕಕ್ಕೆ ಮರುಮುದ್ರಣವಾಗಬೇಕು, ಕಾಗದ ಬರಬೇಕು, ಬೈಂಡಿಂಗ್ ಮುಗಿಯಬೇಕು. ಇ-ಪುಸ್ತಕ ಮಾತ್ರ ಆ ರಾತ್ರಿಯೇ ಕೈಗೆ ಸಿಗಬಲ್ಲದು. ಪ್ರಶಸ್ತಿ, ಸಿನಿಮಾ, ಪಠ್ಯಕ್ಕೆ ಆಯ್ಕೆ, ಲೇಖಕರ ನಿಧನ, ಜನ್ಮಶತಮಾನೋತ್ಸವ — ಇವೆಲ್ಲ ಓದುಗ ಒಂದು ಹೆಸರನ್ನು ನೆನೆಯುವ ದಿನಗಳು. ಇವುಗಳಲ್ಲಿ ಅರ್ಧದಷ್ಟು ವರ್ಷದ ಮೊದಲೇ ಗೊತ್ತಿರುವಂಥವು. ಆ ದಿನಕ್ಕೆ ಪುಸ್ತಕ ಸಿದ್ಧವಾಗಿ, ಮಳಿಗೆಯ ಮೊದಲ ಪುಟದಲ್ಲಿರಬೇಕು.

ಹಾಗಾದರೆ ಏನನ್ನು ಮಾರಬೇಕು? ಇಲ್ಲಿ ನಮ್ಮ ಅಭಿಪ್ರಾಯ ಖಚಿತ. ಅಂಗಡಿಯಲ್ಲಿ ಈಗ ಸಿಗದ ಪುಸ್ತಕಗಳೇ ಇ-ಪುಸ್ತಕದ ನಿಜವಾದ ಭಂಡಾರ. ಕನ್ನಡದಲ್ಲಿ ಬಹುಪಾಲು ಪುಸ್ತಕಗಳು 500ರಿಂದ 1,000 ಪ್ರತಿ ಅಚ್ಚಾಗುತ್ತವೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಒಂದು ಪಾಲು ಹೋಗುತ್ತದೆ, ಉಳಿದದ್ದು ಕೆಲವು ವರ್ಷದಲ್ಲಿ ತೀರಿ ಪುಸ್ತಕ ಕಣ್ಮರೆಯಾಗುತ್ತದೆ. ಎರಡನೇ ಮುದ್ರಣಕ್ಕೆ ಪ್ರಕಾಶಕ ಅಂಜುತ್ತಾನೆ. ವರ್ಷಕ್ಕೆ ನಲವತ್ತು ಜನ ಕೇಳುವ ಪುಸ್ತಕವನ್ನು ಅಚ್ಚು ಹಾಕಿಸಲು ಆಗದು, ಇ-ಪುಸ್ತಕವಾಗಿ ಇಟ್ಟುಕೊಂಡಿರಲು ಅಡ್ಡಿಯಿಲ್ಲ. ಸಂಶೋಧಕರು, ಪರೀಕ್ಷೆಗೆ ಕೂರುವವರು, ಹಳೆಯ ಪತ್ತೇದಾರಿ ಕಾದಂಬರಿಯ ಹುಚ್ಚಿನವರು ಬೆಲೆ ಕೇಳದೆ ಕೊಳ್ಳುವುದು ಇಂಥವನ್ನೇ.

ಇದಕ್ಕೆ ತಡೆ ಹಕ್ಕಿನದು. ಹಳೆಯ ಕರಾರುಗಳಲ್ಲಿ, ಅವು ಇದ್ದ ಕಡೆಯಲ್ಲೂ, ಡಿಜಿಟಲ್ ಎಂಬ ಪದವಿಲ್ಲ. ಹಕ್ಕುಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯ ಪ್ರಕಾರ, ಕರಾರಾದಾಗ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ಕರಾರಿನಲ್ಲಿ ಹೆಸರಿಸದಿದ್ದರೆ ಅದರ ಹಕ್ಕು ವರ್ಗವಾಗುವುದಿಲ್ಲ. ಅವಧಿ ನಮೂದಿಸದ ಹಸ್ತಾಂತರವನ್ನು ಐದು ವರ್ಷದ್ದೆಂದು ಕಾಯಿದೆ ಎಣಿಸುತ್ತದೆ. ಅಂದರೆ ಎಷ್ಟೋ ಪುಸ್ತಕಗಳ ಡಿಜಿಟಲ್ ಹಕ್ಕು ಲೇಖಕರಲ್ಲೇ, ಅವರು ಇಲ್ಲವಾಗಿದ್ದರೆ ಮಕ್ಕಳಲ್ಲೇ ಉಳಿದಿರಬಹುದು. ಲೇಖಕರ ನಿಧನದ ನಂತರ 60 ವರ್ಷ ಅದು ಅವರದೇ. ಆ ಮನೆಗಳಿಗೆ ಪ್ರಕಾಶಕರು ಹೊಸ ಕರಾರು ಹಿಡಿದು ಹೋಗಬೇಕು. ಅಚ್ಚಿನ ಪುಸ್ತಕಕ್ಕೆ ಕೊಡುವ 10% ಗೌರವಧನವನ್ನೇ ಇಲ್ಲೂ ಮುಂದಿಟ್ಟರೆ ಅವರು ಒಪ್ಪಲಿಕ್ಕಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕಾಗದ, ಗೋದಾಮು, ಸಾಗಣೆಯ ಖರ್ಚಿಲ್ಲದ ವ್ಯಾಪಾರದಲ್ಲಿ ಪ್ರಕಾಶಕನ ಕೈಗೆ ಬಂದದ್ದರ ಕಾಲು ಭಾಗವಾದರೂ ಬರೆದವರಿಗೆ ಸಲ್ಲಬೇಕು.

ಜೊತೆಗೆ ಲೆಕ್ಕವೂ ಸಲ್ಲಬೇಕು. ವರ್ಷಕ್ಕೊಮ್ಮೆ ಒಂದು ಮೊತ್ತ ಹಾಕಿ ಸುಮ್ಮನಾದರೆ ಲೇಖಕನಿಗೂ ಪ್ರಕಾಶಕನಿಗೂ ಏನೂ ತಿಳಿಯುವುದಿಲ್ಲ. ಉದಾಹರಣೆಗೆ, ಪುಸ್ತಕದ ಪುಟ ನೋಡಿದವರು 1,000, ಮಾದರಿ ತೆರೆದವರು 40, ಕೊಂಡವರು 10 ಎಂದಿದ್ದರೆ ರೋಗ ಪುಟದ ವಿವರಣೆಯಲ್ಲಿದೆ. ಮಾದರಿ ತೆರೆದವರು 400, ಕೊಂಡವರು ಅದೇ 10 ಎಂದಾದರೆ ಮಾದರಿ ಕೆಟ್ಟಿದೆ, ಇಲ್ಲವೇ ಅಕ್ಷರ ಒಡೆದಿದೆ. ಕೊಳ್ಳುವ ಗುಂಡಿ ಒತ್ತಿದವರು 100 ಇದ್ದೂ ಹಣ ಬಂದದ್ದು 10 ಆದರೆ ಪಾವತಿಯಲ್ಲಿ ತಡೆಯಿದೆ. ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗದೆ ಮಾಡುವ ಪ್ರಚಾರಕ್ಕೂ ರಿಯಾಯಿತಿಗೂ ಖರ್ಚಷ್ಟೇ ಉಳಿಯುತ್ತದೆ. ಮಳಿಗೆಗಳಲ್ಲಿ ಈ ಎಲ್ಲ ಅಂಕಿಗಳು ಈಗಾಗಲೇ ಇವೆ ಅಥವಾ ಒಂದು ದಿನದಲ್ಲಿ ತೆಗೆಯುವಂತಿವೆ. ಎಷ್ಟು ಜನ ನೋಡಿದರು, ಎಷ್ಟು ಜನ ಮಾದರಿ ತೆರೆದರು, ಎಷ್ಟು ಜನ ಹಣ ಕಟ್ಟಲು ಹೋಗಿ ಮರಳಿದರು, ಎಷ್ಟು ಜನ ಕೊಂಡರು, ಯಾವ ಊರು, ಯಾವ ದೇಶದಿಂದ — ಈ ಐದು ಕಾಲಂಗಳ ಒಂದು ಹಾಳೆಯನ್ನು ಮೂರು ತಿಂಗಳಿಗೊಮ್ಮೆ ಗೌರವಧನದ ಜೊತೆಗೆ ಪ್ರತಿಯೊಬ್ಬ ಲೇಖಕರಿಗೂ ಕಳಿಸುವುದಾಗಿ ಕನ್ನಡದ ಮಳಿಗೆಗಳು ಬರುವ ಏಪ್ರಿಲ್ಲಿನ ಹೊಸ ಲೆಕ್ಕವರ್ಷದಿಂದ ಕರಾರಿನಲ್ಲೇ ಬರೆದುಕೊಡಬೇಕು ಎಂಬುದು ನಮ್ಮ ಒತ್ತಾಯ.